ಚಳಿಗಾಲಕ್ಕೆ ಬೋಟು ಕಟ್ಟಿಡುವುದು: ನೀರು ಎಲ್ಲೆಲ್ಲಿ ಉಳಿದಿರುತ್ತದೆ

ಅಮೆರಿಕದ ಮಿನ್ನೆಸೋಟದಲ್ಲಿ ಅಕ್ಟೋಬರ್ ಬಂತೆಂದರೆ ಹಗಲು ಒಳ್ಳೆಯ ಬಿಸಿಲಿದ್ದರೂ ರಾತ್ರಿ ಪಾದರಸ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸರೋವರಗಳು ಹೆಪ್ಪುಗಟ್ಟಲು ಇನ್ನೂ ವಾರಗಟ್ಟಲೆ ಇರುತ್ತದೆ. ಮಿನ್ನಿಟಾಂಕದಂಥ ದೊಡ್ಡದಾದರೆ ಡಿಸೆಂಬರ್‌ವರೆಗೂ ಎಳೆಯುತ್ತದೆ. ಸರೋವರ ನೋಡಿಕೊಂಡು ದಿನ ಲೆಕ್ಕ ಹಾಕುವವರೇ ಇಲ್ಲಿ ಎಂಜಿನ್ ಕಳೆದುಕೊಳ್ಳುವುದು. ನೀರಿನಲ್ಲಿ ನಿಂತ ಬೋಟಿಗೆ ಸುತ್ತಲಿನ ನೀರೇ ಬೆಚ್ಚಗಿನ ಹೊದಿಕೆ. ಅದೇ ಬೋಟನ್ನು ಟ್ರೇಲರಿಗೆ ಹತ್ತಿಸಿ ಮನೆ ಮುಂದೆ ನಿಲ್ಲಿಸಿದರೆ ನಾಲ್ಕೂ ಕಡೆಯಿಂದ ತಣ್ಣನೆ ಗಾಳಿ, ಒಳಗೆ ಕೆಲವೇ ಲೀಟರ್ ನೀರು. ಮೈನಸ್ ಐದರ ಒಂದು ರಾತ್ರಿ ಸಾಕು. ಹಾಗಾಗಿ ನನ್ನ ಮಟ್ಟಿಗೆ ನಿಯಮ ಸರಳ: ಬೋಟು ನೀರಿನಿಂದ ಹೊರಬಂದ ದಿನವೇ ಎಂಜಿನ್ನಿನ ನೀರೂ ಹೊರಬರಬೇಕು. ಮಿಕ್ಕ ಕೆಲಸ ಮುಂದಿನ ವಾರಾಂತ್ಯಕ್ಕೆ ಹೋದರೂ ನಡೆಯುತ್ತದೆ.

ಇಲ್ಲಿ ಬರೆಯುತ್ತಿರುವುದು 19 ಅಡಿಯ ಬೌರೈಡರ್, ಅಂದರೆ ಮೂತಿಯಲ್ಲೂ ಕೂರಲು ಸೀಟಿರುವ ಬೋಟಿನ ಬಗ್ಗೆ. ಒಳಗೆ ಮರ್ಕ್ರೂಸರ್ 4.3 ಲೀಟರಿನ ವಿ6, ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿ. ಹಿಂದುಗಡೆ ಆಲ್ಫಾ ಒನ್ ಜೆನ್ 2 ಡ್ರೈವ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲರಿಗೆ ಒಯ್ಯುವ, ಬೋಟಿನ ಹೊರಗಿರುವ ಭಾಗ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ, ಇಲ್ಲಿಗೆ ಬಂದ ನಮ್ಮವರು ಮೊದಲ ಬೋಟೆಂದು ಕೊಳ್ಳುವುದೂ ಹೆಚ್ಚಾಗಿ ಇಂಥದ್ದನ್ನೇ. ಕಾರಿನ ರೇಡಿಯೇಟರಿನಂತೆ ಇದರಲ್ಲಿ ಮುಚ್ಚಿದ ಕೂಲಂಟ್ ಇಲ್ಲ. ಸರೋವರದ ನೀರನ್ನೇ ಎಳೆದು ಬ್ಲಾಕಿನಲ್ಲಿ ಸುತ್ತಿಸಿ ಎಕ್ಸಾಸ್ಟ್ ಜೊತೆ ಹೊರಹಾಕುತ್ತದೆ. ಎಂಜಿನ್ ನಿಲ್ಲಿಸಿದಾಗ ಆ ನೀರು ತಾನಾಗಿ ಪೂರ್ತಿ ಇಳಿದು ಹೋಗುವುದಿಲ್ಲ. ಹೆಪ್ಪುಗಟ್ಟುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಸೀಳುತ್ತದೆ. ಬ್ಲಾಕಿನ ಪಕ್ಕದಲ್ಲಿರುವ ತಗಡಿನ ಬಿಲ್ಲೆಗಳನ್ನು ‘ಫ್ರೀಜ್ ಪ್ಲಗ್’ ಎಂದು ಕರೆಯುವುದರಿಂದ ಅವು ಹಾರಿಬಿದ್ದು ಬ್ಲಾಕನ್ನು ಉಳಿಸುತ್ತವೆ ಎಂಬ ನಂಬಿಕೆ ಇದೆ. ಅವು ಇರುವುದು ಎರಕ ಹೊಯ್ದಾಗಿನ ಮರಳು ತೆಗೆದ ತೂತು ಮುಚ್ಚಲಿಕ್ಕೆ. ಬ್ಲಾಕ್ ಒಡೆಯುವುದು ಎಷ್ಟೋ ಸಲ ಒಳಗೆ, ಕಣ್ಣಿಗೆ ಬೀಳದ ಕಡೆ. ವಸಂತದಲ್ಲಿ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಗ ಗೊತ್ತಾಗುವುದು. ಹೆಪ್ಪುಗಟ್ಟಿ ಆದ ನಷ್ಟವನ್ನು ವಿಮೆಯವರು ಸಾಮಾನ್ಯವಾಗಿ ಕಟ್ಟಿಕೊಡುವುದಿಲ್ಲ, ಪಾಲಿಸಿ ಓದಿಕೊಳ್ಳಿ.

ಕೆಲಸ ಶುರುವಾಗುವುದು ಕೊನೆಯ ಸವಾರಿಗೆ ಮೊದಲೇ, ಪೆಟ್ರೋಲ್ ಬಂಕಿನಲ್ಲಿ. ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹೀರಿದ್ದು ಮಿತಿ ಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ಮಿನ್ನೆಸೋಟದಲ್ಲಿ ಬೋಟು, ಸ್ನೋಮೊಬೈಲ್, ಸಣ್ಣ ಎಂಜಿನ್ನುಗಳಿಗೆ ಎಥನಾಲ್ ಇಲ್ಲದ ಪೆಟ್ರೋಲ್ ಮಾರಲು ಕಾನೂನಿನಲ್ಲಿ ವಿನಾಯಿತಿ ಇದೆ. ಪಂಪಿನ ಮೇಲೆ ‘ನಾನ್-ಆಕ್ಸಿಜನೇಟೆಡ್’ ಎಂದು ಬರೆದಿರುತ್ತದೆ. ದುಡ್ಡು ಹೆಚ್ಚು, ಆದರೆ ಆರು ತಿಂಗಳು ನಿಲ್ಲುವ ಟ್ಯಾಂಕಿಗೆ ಅದನ್ನೇ ಹಾಕುವುದು ಒಳ್ಳೆಯದು. ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರನ್ನು ಪೆಟ್ರೋಲಿಗೆ ಮುಂಚೆ ಸುರಿಯಬೇಕು, ಆಗಲೇ ಚೆನ್ನಾಗಿ ಬೆರೆಯುವುದು. ಕೆಂಪು ಬಣ್ಣದ ಸ್ಟಾ-ಬಿಲ್ ಆದರೆ ಎರಡೂವರೆ ಗ್ಯಾಲನ್ನಿಗೆ ಒಂದು ಔನ್ಸ್, ಅಂದರೆ ಸುಮಾರು ಒಂಬತ್ತೂವರೆ ಲೀಟರಿಗೆ 30 ಮಿಲಿ. ನೀಲಿ ಬಣ್ಣದ ಮರೀನ್ ಸ್ಟಾ-ಬಿಲ್‌ಗೆ ದಿನಬಳಕೆಯ ಅಳತೆ ಬೇರೆ, ಕಟ್ಟಿಡುವ ಅಳತೆ ಬೇರೆ: ಕಟ್ಟಿಡುವುದಕ್ಕೆ ಐದು ಗ್ಯಾಲನ್ನಿಗೆ ಒಂದು ಔನ್ಸ್. ಬಾಟಲಿಯ ಮೇಲಿನ ದೊಡ್ಡ ಅಕ್ಷರದ ಅಳತೆ ದಿನಬಳಕೆಯದು, ಬಹಳ ಮಂದಿ ಅದನ್ನೇ ನಂಬಿ ಅರ್ಧಕ್ಕರ್ಧ ಕಡಿಮೆ ಹಾಕುತ್ತಾರೆ. ಟ್ಯಾಂಕ್ ತುಂಬಿಸಿ, ಆದರೆ ಕಂಠಪೂರ್ತಿ ಬೇಡ. ಏಪ್ರಿಲ್ ಬಿಸಿಲಿಗೆ ಹಿಗ್ಗಿದಾಗ ಹೊರಚೆಲ್ಲದಷ್ಟು ಜಾಗ ಇರಲಿ. ಸ್ಟೆಬಿಲೈಸರ್ ಟ್ಯಾಂಕಿನಲ್ಲಿದ್ದರೆ ಸಾಲದು, ಕಾರ್ಬ್ಯುರೇಟರಿನ ಬಟ್ಟಲಿನವರೆಗೂ ಬರಬೇಕು. ಕೊನೆಯ ಸವಾರಿಯಲ್ಲೇ ಅದು ಆಗಿಹೋಗುತ್ತದೆ, ಇಲ್ಲವಾದರೆ ಮನೆಯಲ್ಲಿ ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಬೇಕು.

ರ‍್ಯಾಂಪಿನಿಂದ ಹೊರಡುವ ಮುಂಚೆ ತಳದ ಡ್ರೇನ್ ಪ್ಲಗ್ ಕಿತ್ತು ನೀರು ಬಸಿಯುವುದು ಇಲ್ಲಿ ಕಾನೂನು, ಪ್ಲಗ್ ಹಾಕಿಕೊಂಡೇ ರಸ್ತೆಗೆ ಇಳಿದರೆ ದಂಡ. ಕಾರಣ ಜೀಬ್ರಾ ಮಸೆಲ್ ಎಂಬ ಬೆರಳುಗುರಿನಷ್ಟು ಸಣ್ಣ ಚಿಪ್ಪುಜೀವಿ. ಮಿನ್ನಿಟಾಂಕದಲ್ಲಿ ಅದು ಕಾಣಿಸಿಕೊಂಡಿದ್ದು 2010ರಲ್ಲಿ. ಡ್ರೈವಿನ ಕೆಳಭಾಗದಲ್ಲಿ ನೀರು ಒಳಹೋಗುವ ಜಾಲರಿಯ ಸಂದುಗಳಲ್ಲಿ, ಡ್ರೈವನ್ನು ಎತ್ತಿ ಇಳಿಸುವ ಟ್ರಿಮ್ ಸಿಲಿಂಡರಿನ ಹಿಂದೆ ಕೈಯಾಡಿಸಿ ನೋಡಿ. ನುಣುಪಾಗಿರಬೇಕಾದ ಕಡೆ ಮರಳು ಕಾಗದದಂತೆ ತರಿತರಿಯಾಗಿದ್ದರೆ ಮರಿಗಳು ಅಂಟಿವೆ ಎಂದರ್ಥ. ಬೋಟಿನ ಹೊರಮೈ ಮೇಲಿನ ಪಾಚಿಗೆರೆಯನ್ನೂ ಒದ್ದೆ ಇರುವಾಗಲೇ ಉಜ್ಜಿ ತೆಗೆಯಬೇಕು, ಒಣಗಿದ ಮೇಲೆ ಆಸಿಡ್ ಇರುವ ಕ್ಲೀನರ್ ಇಲ್ಲದೆ ಬಿಡುವುದಿಲ್ಲ. ವ್ಯಾಕ್ಸ್ ಈಗ ಹಚ್ಚಿದರೆ ಒಳ್ಳೆಯದು, ವಸಂತಕ್ಕೆ ಬಿಟ್ಟರೂ ಬೋಟು ಮುಳುಗುವುದಿಲ್ಲ.

ಮನೆಯಲ್ಲಿ ಮೊದಲ ಕೆಲಸ ಎಂಜಿನ್ ಬಿಸಿ ಮಾಡುವುದು. ಡ್ರೈವಿನ ಎರಡೂ ಕಡೆಯ ಜಾಲರಿಗೆ ‘ಮಫ್’ ಎನ್ನುವ ರಬ್ಬರ್ ಬಟ್ಟಲುಗಳನ್ನು ಕೂರಿಸಿ, ತೋಟದ ಪೈಪು ಜೋಡಿಸಿ, ನೀರು ಬಿಟ್ಟ ಮೇಲೆಯೇ ಸ್ಟಾರ್ಟ್ ಮಾಡಬೇಕು. ಡ್ರೈವಿನೊಳಗಿನ ಪಂಪಿನ ಇಂಪೆಲ್ಲರ್ ರಬ್ಬರಿನದು. ನೀರಿಲ್ಲದೆ ಕೆಲವು ಸೆಕೆಂಡು ತಿರುಗಿದರೂ ರೆಕ್ಕೆಗಳು ಸುಟ್ಟು ಕಿತ್ತುಬರುತ್ತವೆ, ಕಿತ್ತ ಚೂರು ಮೇಲೆ ಹೋಗಿ ಯಾವುದೋ ಹೋಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರೊಪೆಲರ್ ಹತ್ತಿರ ಯಾರೂ ಇರಬಾರದು, ಗೇರ್ ನ್ಯೂಟ್ರಲ್‌ನಲ್ಲೇ ಇರಬೇಕು. ಉಷ್ಣತೆಯ ಮುಳ್ಳು ಮಾಮೂಲಿ ಜಾಗಕ್ಕೆ ಬಂದಾಗ ಎಂಜಿನ್ ನಿಲ್ಲಿಸಿ, ಡಿಪ್‌ಸ್ಟಿಕ್ ಕೊಳವೆಯ ಮೂಲಕ ಪಂಪಿನಿಂದ ಹಳೆ ಆಯಿಲ್ ಎಳೆಯುತ್ತೇನೆ. ತಣ್ಣಗಿದ್ದರೆ ಇದೇ ಕೆಲಸಕ್ಕೆ ಮೂರು ಪಟ್ಟು ಹೊತ್ತು, ಕಸವೂ ತಳದಲ್ಲೇ ಉಳಿಯುತ್ತದೆ. ವಸಂತದಲ್ಲಿ ಬದಲಿಸಿದರಾಯಿತು ಎನ್ನುವವರಿದ್ದಾರೆ. ಓಡಿದ ಆಯಿಲಿನಲ್ಲಿ ಆಮ್ಲವೂ ತೇವವೂ ಸೇರಿರುತ್ತವೆ, ಅದನ್ನು ಆರು ತಿಂಗಳು ಬೇರಿಂಗಿನ ಮೇಲೆ ಕೂರಿಸುವುದರಲ್ಲಿ ಅರ್ಥ ಕಾಣೆ. 25ಡಬ್ಲ್ಯೂ-40 ಮರೀನ್ ಆಯಿಲ್, ಹೊಸ ಫಿಲ್ಟರ್; ನಾಲ್ಕು ಕ್ವಾರ್ಟ್ (ಸುಮಾರು 3.8 ಲೀಟರ್) ಹಾಕಿ, ಉಳಿದದ್ದನ್ನು ಡಿಪ್‌ಸ್ಟಿಕ್ ನೋಡಿಕೊಂಡು ಸ್ವಲ್ಪಸ್ವಲ್ಪವೇ ಸೇರಿಸಿ.

ಮತ್ತೆ ಸ್ಟಾರ್ಟ್ ಮಾಡಿ ಫಿಲ್ಟರ್ ಸೋರುತ್ತಿಲ್ಲ ಎಂದು ನೋಡಿಕೊಂಡು, ಕಾರ್ಬ್ಯುರೇಟರ್ ಮೇಲಿನ ಫ್ಲೇಮ್ ಅರೆಸ್ಟರ್ ತೆಗೆದು, ಎಂಜಿನ್ 1,200-1,500 ಆರ್‌ಪಿಎಂನಲ್ಲಿ ಓಡುತ್ತಿರುವಾಗಲೇ ಗಂಟಲಿಗೆ ಫಾಗಿಂಗ್ ಆಯಿಲ್ ಸ್ಪ್ರೇ ಮಾಡಬೇಕು. ಸಿಲಿಂಡರ್ ಗೋಡೆ, ವಾಲ್ವುಗಳ ಮೇಲೆ ಅಂಟು ಪದರ ಕೂತು ತುಕ್ಕು ತಡೆಯುತ್ತದೆ. ಹಿಂದಿನಿಂದ ಬಿಳಿ ಹೊಗೆ ದಟ್ಟವಾಗಿ ಬರತೊಡಗಿದಾಗ ಒಮ್ಮೆಗೇ ಜೋರಾಗಿ ಹೊಡೆದು ಎಂಜಿನ್ ಉಸಿರುಕಟ್ಟಿ ನಿಲ್ಲುವಂತೆ ಮಾಡಿ. ನೆರೆಯವರಿಗೆ ಮುಂಚೆಯೇ ಒಂದು ಮಾತು ಹೇಳಿರುವುದು ಮೇಲು. ಆ ಹೊಗೆ ಕಂಡು ಫೈರ್ ಎಂಜಿನ್ ಕರೆದರೆ ಅವರ ತಪ್ಪಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಎಂಜಿನ್ನಿಗೆ ಈ ಕ್ರಮ ಒಗ್ಗುವುದಿಲ್ಲ. ಅದಕ್ಕೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಸ್ಪ್ರೇ ಮಾಡಿ, ಇಗ್ನಿಷನ್ ಸಂಪರ್ಕ ತಪ್ಪಿಸಿ ಎರಡು ಸುತ್ತು ಕ್ರ್ಯಾಂಕ್ ಮಾಡುವುದು, ಅಥವಾ ತಯಾರಕರ ಕೈಪಿಡಿ ಹೇಳುವ ಪ್ರಮಾಣದಲ್ಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲನ್ನು ಬೇರೆ ಸಣ್ಣ ಟ್ಯಾಂಕಿನಿಂದ ಓಡಿಸುವುದು.

ಈಗ ನೀರು. ಬೋಟಿನ ಮೂತಿ ಸ್ವಲ್ಪ ಮೇಲಿರುವಂತೆ ಟ್ರೇಲರಿನ ಮುಂಗಾಲು ಎತ್ತಿ, ಡ್ರೈವನ್ನು ಪೂರ್ತಿ ಕೆಳಗಿಳಿಸಿ. ಇಳಿಸಿದಾಗಲೇ ಡ್ರೈವಿನ ನೀರು, ಅದರ ಪಂಪಿನ ನೀರು ಸುರಿದುಹೋಗುವುದು. ಎಂಜಿನ್ನಿನಲ್ಲಿ ಬಿಚ್ಚಬೇಕಾದವು ಇವು: ಬ್ಲಾಕಿನ ಎಡಕ್ಕೊಂದು, ಬಲಕ್ಕೊಂದು ಪ್ಲಗ್, ಎರಡು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳ (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆಗಳ) ಅಡಿಯಲ್ಲಿ ಒಂದೊಂದು, ಎಂಜಿನ್ ಮುಂದಿನ ನೀರಿನ ಪಂಪಿಗೆ ಬರುವ ದಪ್ಪ ಹೋಸಿನ ಕೆಳತುದಿ, ಪವರ್ ಸ್ಟಿಯರಿಂಗ್ ಕೂಲರಿನ ಹೋಸ್. ಹಲವು ಎಂಜಿನ್ನುಗಳಲ್ಲಿ ಪ್ಲಗ್ಗುಗಳು ನೀಲಿ ಪ್ಲಾಸ್ಟಿಕ್ಕಿನವು, ಕೈಯಲ್ಲೇ ತಿರುಗುತ್ತವೆ. ಹಳೆಯವಾದರೆ ಹಿತ್ತಾಳೆ, ಸ್ಪ್ಯಾನರ್ ಬೇಕು. ಸ್ಟಾರ್ಟರ್ ಮೋಟಾರಿನ ಕಡೆಯದು ಕಣ್ಣಿಗೆ ಕಾಣುವುದಿಲ್ಲ, ಕೈಯಿಂದಲೇ ತಡಕಬೇಕು. ಸಿಗಲಿಲ್ಲ ಎಂದು ಅದೊಂದನ್ನು ಬಿಟ್ಟರೆ ಉಳಿದೆಲ್ಲ ಬಿಚ್ಚಿದ್ದೂ ವ್ಯರ್ಥ, ಏಕೆಂದರೆ ವಿ6ರ ಎರಡು ಪಕ್ಕಗಳ ನೀರು ಬೇರೆಬೇರೆ ತಗ್ಗಿನಲ್ಲಿ ನಿಲ್ಲುತ್ತದೆ, ಒಂದು ಕಡೆ ಬಸಿದರೆ ಇನ್ನೊಂದು ಖಾಲಿಯಾಗುವುದಿಲ್ಲ.

ಪ್ಲಗ್ ಬಿಚ್ಚಿದಾಗ ಏನು ಬರುತ್ತದೆ ಎಂಬುದರ ಮೇಲೆ ಕಣ್ಣಿರಲಿ. ಬ್ಲಾಕಿನ ತೂತಿನಿಂದ ನೀರು ಧಾರೆಯಾಗಿ ನುಗ್ಗಬೇಕು. ತೊಟ್ಟಿಕ್ಕಿದರೆ, ಅಥವಾ ಏನೂ ಬಾರದಿದ್ದರೆ ಖಾಲಿಯಾಗಿದೆ ಎಂದುಕೊಳ್ಳಬೇಡಿ. ತುಕ್ಕಿನ ಪದರ, ಮರಳು, ಕೆಸರು ಸೇರಿ ಒಳಗಿನಿಂದ ಬಾಯಿ ಕಟ್ಟಿರುತ್ತದೆ. ಬಟ್ಟೆ ನೇತುಹಾಕುವ ತಂತಿ ಹ್ಯಾಂಗರನ್ನು ನೇರ ಮಾಡಿ ತೂತಿನೊಳಗೆ ತಿವಿಯಿರಿ. ಮೊದಲು ಗಟ್ಟಿ ತಗಲುತ್ತದೆ, ತಿರುಗಿಸಿ ತಿರುಗಿಸಿ ಚುಚ್ಚಿದರೆ ಕರಕರ ಎನ್ನುತ್ತ ಕಂದುಬಣ್ಣದ ಚಕ್ಕೆಗಳು ಉದುರುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ತಂತಿ ಒಳಗೆ ಜಾರಿ ಕೆಂಪು ನೀರು ಮೊಣಕೈಯವರೆಗೆ ಹರಿಯುತ್ತದೆ. ನಿಂತ ಮೇಲೂ ಮತ್ತೊಮ್ಮೆ ತಿವಿದು ನೋಡಿ, ಇನ್ನೊಂದು ಚಕ್ಕೆ ಬಂದು ಅಡ್ಡ ಕೂತಿರಬಹುದು. ಮ್ಯಾನಿಫೋಲ್ಡಿನದೂ ಹಾಗೆಯೇ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಆ ತಂತಿಗಿಂತ ಮುಖ್ಯವಾದ ಸಲಕರಣೆ ಇಲ್ಲ.

ಗುಲಾಬಿ ಆ್ಯಂಟಿಫ್ರೀಜ್, ಅಂದರೆ ನೀರು ಹೆಪ್ಪುಗಟ್ಟದಂತೆ ಕಾಯುವ ದ್ರವದ ವಿಷಯಕ್ಕೆ ಬರೋಣ. ಮಫ್ ಹಾಕಿ, ಎಂಜಿನ್ ಓಡಿಸುತ್ತ, ಪೈಪಿನ ಬದಲು ಐದು ಗ್ಯಾಲನ್ನಿನ ಬಕೆಟ್ಟಿನಿಂದ ಆ್ಯಂಟಿಫ್ರೀಜ್ ಎಳೆಸಿ, ಹಿಂದೆ ಗುಲಾಬಿ ಬಣ್ಣ ಕಂಡ ಕೂಡಲೇ ಕೆಲಸ ಮುಗಿಯಿತು ಎನ್ನುವ ಕ್ರಮ ಬಹಳ ಜನಪ್ರಿಯ. ಇದರಲ್ಲೊಂದು ದೋಷವಿದೆ. ಎಂಜಿನ್ ಸಾಕಷ್ಟು ಬಿಸಿಯಾಗಿಲ್ಲದಿದ್ದರೆ, ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ತಣ್ಣನೆಯ ಆ್ಯಂಟಿಫ್ರೀಜ್ ಬಂದಾಗ ತೆರೆದದ್ದೂ ಮುಚ್ಚಿಕೊಳ್ಳುತ್ತದೆ. ಆಗ ಬಂದದ್ದೆಲ್ಲ ಬ್ಲಾಕಿಗೆ ಹೋಗದೆ ಅಡ್ಡದಾರಿಯಲ್ಲಿ ಮ್ಯಾನಿಫೋಲ್ಡಿಗೆ ಹೋಗಿ ಹಿಂದಿನಿಂದ ಹೊರಬೀಳುತ್ತದೆ. ನೆಲದ ಮೇಲೆ ಗುಲಾಬಿ, ಬ್ಲಾಕಿನಲ್ಲಿ ಸರೋವರದ ನೀರು. ಹೋದರೂ ಒಳಗಿದ್ದ ನೀರಿನೊಂದಿಗೆ ಬೆರೆತು ಬಲ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲಿನ ‘-50’ ಫ್ಯಾರನ್‌ಹೀಟ್ ಎಂಬುದು ಕೊಳವೆ ಒಡೆಯದಿರುವ ಮಿತಿಯೇ ಹೊರತು ಗಟ್ಟಿಯಾಗದಿರುವ ಮಿತಿಯಲ್ಲ. ಸೊನ್ನೆ ಸೆಲ್ಸಿಯಸ್‌ಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗೇ ಅದು ಮಂದವಾಗಿ ಮಂಜುಗಡ್ಡೆಯ ಕಣ ಕಟ್ಟತೊಡಗುತ್ತದೆ. ರಾಜ್ಯದ ಉತ್ತರದ ಕಡೆ ಮೈನಸ್ 30 ಸೆಲ್ಸಿಯಸ್ ಅಪರೂಪವೇನಲ್ಲ. ನೀರು ಬೆರೆತ ‘-50’ ಅಲ್ಲಿ ಏನೂ ಕಾಯುವುದಿಲ್ಲ.

ಆದ್ದರಿಂದ ಮೊದಲು ಬಸಿಯುವುದು, ಆಮೇಲೆ ತುಂಬುವುದು. ಎಲ್ಲ ಪ್ಲಗ್ಗೂ ವಾಪಸು ಹಾಕಿ, ಪಂಪಿನ ದಪ್ಪ ಹೋಸನ್ನು ಜೋಡಿಸಿ, ಥರ್ಮೋಸ್ಟಾಟ್ ಮನೆಯ ಕಡೆಯ ಹೋಸುಗಳನ್ನು ಬಿಚ್ಚಿ ಫನಲ್ಲಿನಿಂದ ‘-100’ ಎಂದಿರುವುದನ್ನು ನೇರವಾಗಿ ಬ್ಲಾಕಿಗೂ ಎರಡು ಮ್ಯಾನಿಫೋಲ್ಡಿಗೂ ಸುರಿಯುತ್ತೇನೆ. ನಾಲ್ಕೈದು ಗ್ಯಾಲನ್ ಕೈಯಲ್ಲಿರಲಿ. ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನೇ ಕೊಳ್ಳಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ವಸಂತದಲ್ಲಿ ಅದು ಸರೋವರಕ್ಕೇ ಹೋಗುವುದು. ಪೂರ್ತಿ ಬಸಿದು ಪ್ಲಗ್ ತೆರೆದೇ ಬಿಟ್ಟರೂ ಎಂಜಿನ್ ಒಡೆಯುವುದಿಲ್ಲ, ಹಾಗೆ ಬಿಡುವವರೂ ಇದ್ದಾರೆ. ಆ್ಯಂಟಿಫ್ರೀಜ್ ಹಾಕುವುದರಿಂದ ಸಿಗುವ ಲಾಭ ಒಳಗೋಡೆಗೆ ಗಾಳಿ ತಗಲಿ ತುಕ್ಕು ಹಿಡಿಯದಿರುವುದು, ಕಣ್ಣುತಪ್ಪಿದ ಮೂಲೆಯ ಒಂದು ಲೋಟ ನೀರಿಗೂ ಅದು ಬೆರೆಯುವುದು. ಹೀಟ್ ಎಕ್ಸ್‌ಚೇಂಜರ್ ಇರುವ ಹೊಸ ಎಂಜಿನ್ನುಗಳಲ್ಲೂ ಸರೋವರದ ನೀರು ಓಡಾಡುವ ಒಂದು ಭಾಗ ಇದ್ದೇ ಇದೆ, ಅದನ್ನು ಬಸಿಯಲೇಬೇಕು.

ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ತೂಗುವ ಎಂಜಿನ್) ಇರುವವರಿಗೆ ಈ ರಗಳೆಯೇ ಇಲ್ಲ. ನೇರವಾಗಿ ಇಳಿಸಿ ನಿಲ್ಲಿಸಿದರೆ ನೀರು ತಾನೇ ಇಳಿದುಹೋಗುತ್ತದೆ. ಎತ್ತಿಟ್ಟರೆ ಮಾತ್ರ ಪ್ರೊಪೆಲರ್ ಹಬ್ಬಿನಲ್ಲಿ ಮಳೆನೀರು ತುಂಬಿ ಹೆಪ್ಪುಗಟ್ಟಿ ಗೇರ್‌ಕೇಸ್ ಸೀಳುವುದುಂಟು.

ಗೇರ್ ಆಯಿಲ್ ಎರಡಕ್ಕೂ ಸಮಾನ, ಮರೆಯುವವರೂ ಇಲ್ಲೇ ಜಾಸ್ತಿ. ಡ್ರೈವಿನ ಕೆಳಗಿನ ಪ್ಲಗ್ಗನ್ನು ಒಂದು ಸುತ್ತು ಮಾತ್ರ ಸಡಿಲಿಸಿ, ಮೇಲಿನ ವೆಂಟ್ ಪ್ಲಗ್ ಇನ್ನೂ ಮುಟ್ಟದೆ, ಮೊದಲು ಜಿನುಗುವ ಹನಿಯನ್ನು ಬಿಳಿ ಮುಚ್ಚಳದಲ್ಲಿ ಹಿಡಿಯಿರಿ. ನೀರು ಆಯಿಲಿಗಿಂತ ಭಾರ, ಒಳಗಿದ್ದರೆ ತಳದಲ್ಲೇ ಕೂತಿರುತ್ತದೆ, ಮೊದಲ ಹನಿಯೇ ನೀರಾಗಿ ಬರುತ್ತದೆ. ಇಡೀ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಬಹಳ ದಿನದಿಂದ ಒಳಬರುತ್ತಿದೆ, ಸೀಲ್ ಹೋಗಿದೆ. ಎಷ್ಟೋ ಸಲ ಕಾರಣ ಮೀನಿನ ಗಾಳದ ದಾರ. ಪ್ರೊಪೆಲರ್ ಬಿಚ್ಚಿದರೆ ಶಾಫ್ಟಿಗೆ ಸುತ್ತಿ ಸೀಲಿನೊಳಗೆ ಕೊರೆದುಕೊಂಡಿರುವುದು ಕಾಣುತ್ತದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಮಾಮೂಲು, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗೇರ್ ಸವೆದಿದೆ.

ತುಂಬುವುದು ಕೆಳಗಿನಿಂದ ಮೇಲಕ್ಕೆ. ಬಾಟಲಿಗೆ ಕೂರಿಸುವ ಕೈಪಂಪನ್ನು ಕೆಳತೂತಿಗೆ ತಿರುಪಿ, ಮೇಲಿನ ವೆಂಟಿನಿಂದ ಗುಳ್ಳೆಯಿಲ್ಲದ ಆಯಿಲ್ ಬರುವವರೆಗೆ ಒತ್ತಬೇಕು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬುತ್ತದೆ. ಆಲ್ಫಾ ಒನ್ ಜೆನ್ 2ಕ್ಕೆ, ಎಂಜಿನ್ ಪಕ್ಕದ ಪಾರದರ್ಶಕ ಬಾಟಲಿಯೂ ಸೇರಿ, ಸುಮಾರು 64 ಔನ್ಸ್, ಎರಡು ಕ್ವಾರ್ಟ್ ಬಾಟಲಿ. ಮೊದಲು ವೆಂಟ್ ಮುಚ್ಚಿ, ಆಮೇಲೆ ಪಂಪ್ ತೆಗೆದು ತಕ್ಷಣ ಕೆಳಪ್ಲಗ್ ಹಾಕಿದರೆ ಒಂದೆರಡು ಚಮಚ ಮಾತ್ರ ಹೋಗುತ್ತದೆ. ಎರಡಕ್ಕೂ ಹೊಸ ವಾಷರ್. ಹಳೆಯದು ತೂತಿನ ಬಾಯಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತರೆ ಸೋರುವುದು ಖಂಡಿತ. ಡ್ರೈವನ್ನು ಚಳಿಗಾಲವಿಡೀ ಕೆಳಗೇ ಬಿಡಿ, ಎತ್ತಿಟ್ಟರೆ ಡ್ರೈವು ಬೋಟಿಗೆ ಸೇರುವಲ್ಲಿ ನೀರು ತಡೆಯುವ ರಬ್ಬರ್ ಬೆಲ್ಲೋಸ್ ಮಡಚಿದಂತೆಯೇ ಸೆಡೆತು ಬಿರುಕು ಬಿಡುತ್ತದೆ.

ಎಂಜಿನ್ ಬಿಟ್ಟರೆ ನೀರು ಅಡಗುವ ಜಾಗಗಳು ಇನ್ನೂ ಇವೆ: ಮೀನು ಬಿಡುವ ಲೈವ್‌ವೆಲ್ಲಿನ ಪಂಪು ಮತ್ತು ಹೋಸು, ಹಿಂಬದಿಯ ಶವರ್, ಭಾರಕ್ಕೆಂದು ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕ್, ಸಿಂಕ್. ಇವಕ್ಕೆ ಗುಲಾಬಿ ‘-50’ ಸಾಕು, ನಲ್ಲಿಯಿಂದ ಬಣ್ಣ ಬರುವವರೆಗೆ ಪಂಪು ಓಡಿಸಿ. ತಳದ ಪ್ಲಗ್ ಹೊರಗೇ ಇರಲಿ, ಆ ತೂತಿಗೆ ಎಲೆ ಅಡ್ಡ ಬಾರದಂತೆ ನೋಡಿಕೊಳ್ಳಿ. ಮಲ್ಪೆ, ಮಂಗಳೂರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದಲ್ಲಿ ಯಾಂತ್ರೀಕೃತ ಬೋಟುಗಳು ದಡ ಸೇರುತ್ತವಲ್ಲ, ಅಲ್ಲಿ ಕಾಟ ಮಳೆಯದು, ಉಪ್ಪಿನದು. ಒಳಗೆ ನಿಂತ ನೀರಿನಿಂದ ಲೋಹ ಸೀಳುವ ಭಯ ಮಾತ್ರ ಅವರಿಗಿಲ್ಲ.

ಬ್ಯಾಟರಿಯ ಲೆಕ್ಕ ಸ್ವಲ್ಪ ತಿರುಗುಮುರುಗು. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ; ಖಾಲಿಯಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೇ ಗಡ್ಡೆಕಟ್ಟಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. 12.6 ವೋಲ್ಟ್‌ಗಿಂತ ಮೇಲಿರುವಾಗ ಎರಡೂ ತಂತಿ ಕಳಚಿದರೆ ಶೆಡ್ಡಿನಲ್ಲೇ ಇಡಬಹುದು, ಚಳಿಯಲ್ಲಿ ತಾನಾಗಿ ಇಳಿಯುವ ವೇಗವೂ ಕಡಿಮೆ. ಮೇನ್ ಸ್ವಿಚ್ ಆಫ್ ಮಾಡಿದ್ದೇನೆ ಎಂಬ ಧೈರ್ಯ ಬೇಡ, ಬೋಟಿನ ತಳದಲ್ಲಿ ಸೇರುವ ನೀರು ಹೊರಹಾಕುವ ಬಿಲ್ಜ್ ಪಂಪಿನ ತಂತಿ ಸ್ವಿಚ್ ತಪ್ಪಿಸಿ ನೇರ ಬ್ಯಾಟರಿಗೇ ಹೋಗಿರುತ್ತದೆ. ಲಿಥಿಯಂ ಆದರೆ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು, ಮನೆಯೊಳಗೆ ತನ್ನಿ.

ಹೊದಿಕೆಗೆ ಅಂಗಡಿಯ ನೀಲಿ ಟಾರ್ಪಾಲು ಕಟ್ಟುವುದು ಸುಳ್ಳು ಉಳಿತಾಯ. ಗಾಳಿಗೆ ಪಟಪಟ ಬಡಿದು ಜೆಲ್‌ಕೋಟನ್ನು ಉಜ್ಜಿ ಮಂಕಾಗಿಸುತ್ತದೆ, ನಡುವೆ ತಗ್ಗಾದಲ್ಲಿ ಹಿಮ ಕರಗಿ ಕೊಳವಾಗುತ್ತದೆ. ಶ್ರಿಂಕ್ ರ‍್ಯಾಪ್ ಎಂಬ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಹಾಳೆಯಾದರೆ ಬಿಗಿ, ಆದರೆ ನಡುವೆ ಕಂಬ ಕೊಟ್ಟು ಇಳಿಜಾರು ಮಾಡಿ, ಗಾಳಿಕಿಂಡಿಗಳನ್ನು ಅಂಟಿಸಬೇಕು. ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಕುಶನ್ನುಗಳ ತುಂಬ ಬೂಷ್ಟು. ಆ ಹಾಳೆಯನ್ನು ಬಿಗಿಸುವುದು ಪ್ರೊಪೇನ್ ಬೆಂಕಿಯಿಂದ, ಪೆಟ್ರೋಲ್ ಆವಿ ಇರುವ ಬೋಟಿನ ಪಕ್ಕದಲ್ಲಿ. ಅದೊಂದನ್ನು ಕೈ ಪಳಗಿದವರಿಗೇ ಬಿಡುವುದು ಕ್ಷೇಮ. ಇಲಿಗೆ ಪುದೀನ ಎಣ್ಣೆ, ಡ್ರೈಯರ್ ಶೀಟು ಎಂದೆಲ್ಲ ಹೇಳುತ್ತಾರೆ, ಅದರ ಮೇಲೇ ಗೂಡು ಕಟ್ಟಿದ್ದನ್ನು ಕಂಡಿದ್ದೇನೆ. ಎಕ್ಸಾಸ್ಟ್ ಬಾಯಿ, ಗಾಳಿಕಿಂಡಿಗಳಿಗೆ ತಾಮ್ರದ ಜಾಲರಿ ತುರುಕಿ. ಉಕ್ಕಿನ ನಾರು ಬೇಡ, ತುಕ್ಕಿನ ಕಲೆ ಫೈಬರಿಗೆ ಇಳಿದರೆ ಹೋಗುವುದಿಲ್ಲ.

ಟ್ರೇಲರಿನ ಚಕ್ರಗಳ ಹಬ್ಬುಗಳಿಗೆ ಹೊಸ ಗ್ರೀಸ್ ಒತ್ತಿ, ಹೊರಬರುವ ಹಳೆಯದು ಬೆಳ್ಳಗಿದ್ದರೆ ನೀರು ಹೊಕ್ಕಿದೆ, ಬೇರಿಂಗ್ ಬಿಚ್ಚಲೇಬೇಕು. ಬಿಚ್ಚಿಟ್ಟ ತಳದ ಪ್ಲಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಗ್ನಿಷನ್ ಕೀಗೇ ಕಟ್ಟಿದರೆ ವಸಂತದಲ್ಲಿ ಅದನ್ನು ಮುಟ್ಟದೆ ಬೋಟು ಹೊರಡಿಸಲಾಗುವುದಿಲ್ಲ.

ಜನವರಿಯಲ್ಲೊಮ್ಮೆ ಬ್ಯಾಟರಿಯ ವೋಲ್ಟೇಜ್ ನೋಡಿ, 12.4ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಿ. ದೊಡ್ಡ ಹಿಮ ಬಿದ್ದಾಗಲೆಲ್ಲ ಹೊದಿಕೆಯ ಮೇಲಿನದನ್ನು ಮೆತ್ತನೆಯ ಪೊರಕೆಯಿಂದ ತಳ್ಳಿ. ಮಾರ್ಚಿನಲ್ಲಿ ಎರಡು ದಿನ ಬಿಸಿಲು ಕಂಡು ಮಫ್ ಹಾಕಿ ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವವರು ಆ್ಯಂಟಿಫ್ರೀಜನ್ನೆಲ್ಲ ಹೊರಗೆ ತಳ್ಳಿ ಬ್ಲಾಕಿಗೆ ಹೊಸ ನೀರು ತುಂಬಿಸಿರುತ್ತಾರೆ, ಮರುರಾತ್ರಿಯೇ ಮತ್ತೆ ಮೈನಸ್ ಹತ್ತು. ಓಡಿಸಲೇಬೇಕೆಂದಿದ್ದರೆ ಅಂದೇ ಮತ್ತೆ ಎಲ್ಲ ಪ್ಲಗ್ ಬಿಚ್ಚಿ, ತಂತಿ ತಿವಿದು, ಬಸಿಯಬೇಕು.